ಇಲ್ಲದ ನಾಡಿನ ಭೂಪಟ

1881ನೆಯ ಇಸವಿ, ಬೇಸಗೆ ಮುಗಿಯುತ್ತಿದ್ದ ಕಾಲ. ಸ್ಕಾಟ್ಲೆಂಡಿನ ಬೆಟ್ಟಗಳ ನಡುವೆ ಇರುವ ಬ್ರೇಮಾರ್ ಎಂಬ ಊರಿನಲ್ಲಿ ಲೇಖಕ ರಾಬರ್ಟ್ ಲೂಯಿ ಸ್ಟೀವನ್‌ಸನ್ನನ ಸಂಸಾರ ಬಾಡಿಗೆಯ ಮನೆಯೊಂದರಲ್ಲಿ ಇಳಿದುಕೊಂಡಿತ್ತು. ಹೊರಗೆ ಬಿಡದೆ ಸುರಿಯುವ ಮಳೆ, ಚಳಿಗಾಳಿ. ಪತ್ನಿಯ ಮೊದಲ ವಿವಾಹದ ಮಗನಾದ ಲಾಯ್ಡ್ ಎಂಬ ಹದಿಮೂರು ವರ್ಷದ ಹುಡುಗ ಬಣ್ಣದ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು ಚಿತ್ರ ಬರೆಯುತ್ತ ಹೊತ್ತು ಕಳೆಯುತ್ತಿದ್ದ. ಸ್ಟೀವನ್‌ಸನ್ನನೇ ಮುಂದೆ ಬರೆದಿರುವಂತೆ, ಅವನೂ ಹುಡುಗನ ಜೊತೆಗೆ ಕುಳಿತು ಒಂದು ದ್ವೀಪದ ಭೂಪಟವನ್ನು ಬರೆದು ಬಣ್ಣ ತುಂಬಿದ. ಕೊಲ್ಲಿಗಳಿಗೂ ಗುಡ್ಡಗಳಿಗೂ ಹೆಸರುಗಳನ್ನಿಟ್ಟ. ಆ ಪಟವನ್ನು ನೋಡುತ್ತ ನೋಡುತ್ತ ಅದರ ಕಾಡುಗಳ ನಡುವಿನಿಂದ ಮನುಷ್ಯರು ಇಣುಕತೊಡಗಿದರು. ‘ಟ್ರೆಷರ್ ಐಲೆಂಡ್’ ಕಾದಂಬರಿ ಹುಟ್ಟಿದುದು ಹೀಗೆ. ಮೊದಲು ಬಾಲಕರ ಪತ್ರಿಕೆಯೊಂದರಲ್ಲಿ ಕಂತುಕಂತಾಗಿ ಬಂದು, 1883ರಲ್ಲಿ ಅದು ಪುಸ್ತಕವಾಯಿತು.

ಪುಸ್ತಕಕ್ಕೆಂದು ಪ್ರಕಾಶಕರಿಗೆ ಕಳುಹಿಸಿದ ಆ ಮೂಲ ಭೂಪಟ ಮಾತ್ರ ಅವರ ಕೈಸೇರಲೇ ಇಲ್ಲ. ಅಚ್ಚಿನ ಕರಡುಗಳು ಬಂದುವು, ತಿದ್ದಿ ಹೋದುವು. ಪಟದ ಸುದ್ದಿಯೇ ಇಲ್ಲ. ವಿಚಾರಿಸಿದಾಗ, ಅದು ತಮಗೆ ತಲಪಿಯೇ ಇಲ್ಲವೆಂದು ಉತ್ತರ ಬಂದಿತು. ಸ್ಟೀವನ್‌ಸನ್ ತನ್ನ ಕಥೆಯನ್ನೇ ಮೊದಲಿನಿಂದ ಕೊನೆಯವರೆಗೆ ಓದಿ, ಅದರಲ್ಲಿ ದಿಕ್ಕು, ದೂರ, ಕೊಲ್ಲಿ, ದಿಬ್ಬಗಳ ಪ್ರಸ್ತಾಪ ಬಂದಲ್ಲೆಲ್ಲ ಗುರುತು ಮಾಡಿಕೊಂಡು, ಕೈವಾರ ಹಿಡಿದು, ಅವೆಲ್ಲಕ್ಕೂ ಹೊಂದುವಂತೆ ಹೊಸ ಪಟವನ್ನು ರಚಿಸಬೇಕಾಯಿತು. ಆತನ ತಂದೆ ದೀಪಸ್ತಂಭಗಳನ್ನು ಕಟ್ಟುವ ಎಂಜಿನಿಯರು. ತಂದೆಯ ಕಚೇರಿಯಲ್ಲಿಯೇ ಎರಡನೆಯ ಪಟ ಸಿದ್ಧವಾಯಿತು. ನೀರು ಚಿಮ್ಮುವ ತಿಮಿಂಗಿಲಗಳೂ ಹಡಗುಗಳೂ ಅಲಂಕಾರವಾಗಿ ಸೇರಿದುವು. ಕಥೆಯ ಕಡಲುಗಳ್ಳನ ರುಜುವನ್ನು ತಂದೆಯೇ ಸೊಗಸಾಗಿ ‘ನಕಲು’ ಮಾಡಿಕೊಟ್ಟರು. ಆದರೂ ಅದು ತನ್ನ ಪಾಲಿಗೆ ಎಂದಿಗೂ ಆ ದ್ವೀಪವಾಗಲಿಲ್ಲವೆಂದು ಸ್ಟೀವನ್‌ಸನ್ 1894ರಲ್ಲಿ ಹೇಳಿಕೊಂಡಿದ್ದಾನೆ.

ಈ ವೃತ್ತಾಂತವನ್ನು ಮೊದಲಿಗೇ ಹೇಳಿದುದಕ್ಕೆ ಕಾರಣವಿದೆ. ಭೂಪಟವನ್ನು ಮೊದಲು ಬರೆದು ಕಥೆಯನ್ನು ಅದಕ್ಕೆ ಹೊಂದಿಸುವುದು ಸುಲಭ. ಕಥೆ ಮುಗಿದ ಬಳಿಕ ಪಟವನ್ನು ಹೊಂದಿಸಹೊರಟರೆ ಒಂದು ದಿಕ್ಕು ಸರಿಹೋದಾಗ ಇನ್ನೊಂದು ತಪ್ಪುತ್ತದೆ. 1954-55ರಲ್ಲಿ ಮೂರು ಸಂಪುಟಗಳಾಗಿ ಬಂದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಎಂಬ ಗ್ರಂಥದ ಕರ್ತೃ ಟೋಲ್ಕೀನ್ ಈ ವಿಷಯವನ್ನು ಚೆನ್ನಾಗಿ ಅರಿತಿದ್ದರು. ಅವರು ಭೂಪಟದಿಂದಲೇ ಕಥೆಯನ್ನು ಆರಂಭಿಸಿದರು. ಕಥೆ ಬೆಳೆದಂತೆ ಹಾಳೆಗೆ ಹಾಳೆಯನ್ನು ಅಂಟಿಸಿ ಪಟವನ್ನೂ ಬೆಳೆಸಿದರು. ಅಚ್ಚಿಗೆ ಬೇಕಾದ ಪಟಗಳನ್ನು ಶಾಯಿಯಲ್ಲಿ ಬರೆದವರು ಅವರ ಮಗ ಕ್ರಿಸ್ಟೊಫರ್. ಇಷ್ಟೆಲ್ಲ ಎಚ್ಚರವಿದ್ದೂ, ಮೂರನೆಯ ಸಂಪುಟಕ್ಕಾಗಿ ದೊಡ್ಡ ಪ್ರಮಾಣದ ಪಟವೊಂದನ್ನು ಸಿದ್ಧಪಡಿಸುವಾಗ, ದೂರಗಳ ಲೆಕ್ಕವನ್ನು ತಾವು ಸರಿಯಾಗಿ ಇಟ್ಟಿಲ್ಲವೆಂಬುದು ಟೋಲ್ಕೀನರಿಗೆ ತಿಳಿದುಬಂದಿತು. ಚಿಕ್ಕ ಪಟದಲ್ಲಿ ಮುಚ್ಚಿಹೋಗಿದ್ದ ಸಂದುಗಳೆಲ್ಲ ದೊಡ್ಡ ಪಟದಲ್ಲಿ ಬಾಯಿಬಿಟ್ಟುವು.

ಕಲ್ಪನೆಯ ನಾಡಿನಲ್ಲಿ ತಪ್ಪೆಂಬುದು ಹೇಗೆ ಸಾಧ್ಯ ಎಂದು ವಿದ್ಯಾರ್ಥಿಗಳು ಕೇಳಬಹುದು. ಬೆಟ್ಟವನ್ನು ಎಲ್ಲಿ ನಿಲ್ಲಿಸಬೇಕು, ಗಾಳಿ ಯಾವ ಕಡೆಯಿಂದ ಬೀಸಬೇಕು ಎಂಬುದು ನಮ್ಮ ಇಚ್ಛೆಗೆ ಸೇರಿದ್ದು, ನಿಜ. ಆದರೆ ಬೆಟ್ಟ ನಿಂತು ಗಾಳಿ ಬೀಸಿದ ಮೇಲೆ ಮಳೆ ಎಲ್ಲಿ ಬೀಳುವುದು, ನೀರು ಎತ್ತ ಹರಿಯುವುದು ಎಂಬುದು ನಮ್ಮ ಕೈಯಲ್ಲಿ ಉಳಿಯುವುದಿಲ್ಲ. ಇದನ್ನು ಬಾಯಿಮಾತಿನಲ್ಲಿ ವಿವರಿಸುವುದಕ್ಕಿಂತ ಒಂದು ದ್ವೀಪವನ್ನು ಬರೆದೇ ನೋಡೋಣ. ಕಳೆದ ಮಳೆಗಾಲದಲ್ಲಿ ನಾವು ಬರೆದ ಪಟವೇ ಇಲ್ಲಿ ಉದಾಹರಣೆ. ಅದಕ್ಕೆ ಕೇದಗೆ ದ್ವೀಪವೆಂದು ಹೆಸರಿಟ್ಟೆವು.

ಮೊದಲು ನಿಶ್ಚಯಿಸತಕ್ಕದ್ದು ಪ್ರಮಾಣವನ್ನು. ಒಂದು ಸೆಂಟಿಮೀಟರಿಗೆ 5 ಕಿಲೋಮೀಟರು ಎಂದು ಇಟ್ಟುಕೊಂಡೆವು. ದ್ವೀಪದ ಉದ್ದ ಕಾಗದದ ಮೇಲೆ 25 ಸೆಂಟಿಮೀಟರು, ಎಂದರೆ 125 ಕಿಲೋಮೀಟರು. ಅಗಲ ಅದರ ಅರ್ಧದಷ್ಟು. ಹೊರೆ ಹೊತ್ತ ಮನುಷ್ಯ ದಿನಕ್ಕೆ 25 ಕಿಲೋಮೀಟರಿಗಿಂತ ಹೆಚ್ಚು ನಡೆಯುವುದು ಕಷ್ಟ. ಆದುದರಿಂದ ಪಟದ ಮೇಲೆ 5 ಸೆಂಟಿಮೀಟರು ಎಂದರೆ ಒಂದು ದಿನದ ಪಯಣ. ಈ ಲೆಕ್ಕವನ್ನು ಮಾಡುವ ಮೊದಲು ನಾವು ಎರಡು ಊರುಗಳನ್ನು 18 ಸೆಂಟಿಮೀಟರು ದೂರದಲ್ಲಿಟ್ಟು, ಪ್ರಯಾಣಿಕನೊಬ್ಬನು ಮುಂಜಾನೆ ಹೊರಟು ದೀಪ ಹಚ್ಚುವ ಹೊತ್ತಿಗೆ ತಲಪುವನೆಂದು ಕಥೆ ಕಟ್ಟಿದ್ದೆವು. 90 ಕಿಲೋಮೀಟರು! ಪಾಪ, ಆತನಿಗೆ ಕುದುರೆಯನ್ನೂ ಕೊಟ್ಟಿರಲಿಲ್ಲ. ಪ್ರಮಾಣವನ್ನು ಅಂಕಿಗಳಲ್ಲಿ ಬರೆಯುವುದಕ್ಕಿಂತ ಪಟದ ಮೂಲೆಯಲ್ಲಿ ಅಳತೆಯ ಪಟ್ಟಿಯಾಗಿ ಬರೆಯುವುದು ಮೇಲು. ಅಚ್ಚಿನಲ್ಲಿ ಪಟ ಕುಗ್ಗಿದರೆ ಪಟ್ಟಿಯೂ ಜೊತೆಗೇ ಕುಗ್ಗುತ್ತದೆ, ಅಂಕಿ ಸುಳ್ಳಾಗುತ್ತದೆ.

ಅನಂತರ ಕರಾವಳಿ. ಹೊಸಬರ ಕೈ ಇಲ್ಲಿ ಒಂದೇ ಬಗೆಯ ಡೊಂಕನ್ನು ಸುತ್ತಲೂ ಬರೆದುಬಿಡುತ್ತದೆ. ದ್ವೀಪವು ಕಚ್ಚಿದ ಬಿಸ್ಕತ್ತಿನಂತೆ ಕಾಣುತ್ತದೆ. ನಿಜವಾದ ಕರಾವಳಿ ಹಾಗಿಲ್ಲ. ಗಟ್ಟಿಯಾದ ಕಲ್ಲು ಇರುವಲ್ಲಿ ಭೂಶಿರಗಳು ಸಮುದ್ರಕ್ಕೆ ಮೂಗು ಚಾಚುತ್ತವೆ. ಮೆತುವಾದ ನೆಲವಿರುವಲ್ಲಿ ಅಲೆಗಳು ತಿಂದು ಕೊಲ್ಲಿಗಳಾಗುತ್ತವೆ. ಮರಳು ತಂಗುವಲ್ಲಿ ಗೆರೆ ನೇರವಾಗಿ ಬಹುದೂರ ಓಡುತ್ತದೆ. ದೊಡ್ಡ ಕೊಲ್ಲಿಯೊಳಗೆ ಚಿಕ್ಕ ಕೊಲ್ಲಿ, ಅದರೊಳಗೆ ಇನ್ನೂ ಚಿಕ್ಕದು. ಲೂಯಿಸ್ ಫ್ರೈ ರಿಚರ್ಡ್‌ಸನ್ ಎಂಬ ಇಂಗ್ಲೆಂಡಿನ ವಿಜ್ಞಾನಿ ದೇಶಗಳ ಗಡಿಗಳ ಉದ್ದವನ್ನು ಪರಿಶೀಲಿಸುತ್ತಿದ್ದಾಗ ಒಂದು ವಿಚಿತ್ರವನ್ನು ಕಂಡನು: ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳ ನಡುವಣ ಒಂದೇ ಗಡಿಗೆ 987 ಕಿಲೋಮೀಟರು ಎಂದು ಒಂದು ಲೆಕ್ಕ, 1214 ಎಂದು ಇನ್ನೊಂದು. ಅಳೆಯುವ ಕೋಲು ಚಿಕ್ಕದಾದಷ್ಟೂ ಸಣ್ಣ ಡೊಂಕುಗಳು ಲೆಕ್ಕಕ್ಕೆ ಸೇರಿ ಉದ್ದ ಹೆಚ್ಚುತ್ತದೆ. ಆತನ ಮರಣಾನಂತರ, 1961ರಲ್ಲಿ, ಇದು ಪ್ರಕಟವಾಯಿತು. ಭೂಪಟ ಬರೆಯುವವನಿಗೆ ಇದರಿಂದ ದೊರೆಯುವ ಉಪಯೋಗವೇನೆಂದರೆ, ನಮ್ಮ ಲೇಖನಿಯ ಮೊನೆಗಿಂತ ಚಿಕ್ಕದಾದ ಡೊಂಕನ್ನು ಬಿಟ್ಟುಬಿಡುವುದು ತಪ್ಪಲ್ಲ. ಆದರೆ ದೊಡ್ಡದು, ನಡುವಣದು, ಸಣ್ಣದು ಎಂಬ ಮೂರು ತರದ ಡೊಂಕುಗಳಾದರೂ ಬೆರೆತಿರಬೇಕು.

ಕರಾವಳಿ ಮುಗಿದೊಡನೆ ಊರುಗಳನ್ನು ಬರೆಯಲು ಕೈ ತವಕಿಸುತ್ತದೆ. ತಡೆಯಬೇಕು. ಮೊದಲು ಬೆಟ್ಟ, ಬಳಿಕ ನೀರು, ಕಟ್ಟಕಡೆಗೆ ಊರು. ಬೆಟ್ಟಸಾಲಿನ ನೆತ್ತಿಯ ಮೇಲೆ ಸೀಸದ ಕಡ್ಡಿಯಿಂದ ತೆಳುವಾದ ಗೆರೆಯೊಂದನ್ನು ಎಳೆದುಕೊಂಡರೆ ಅದೇ ಜಲವಿಭಾಜಕ. ಅದರ ಒಂದು ಮಗ್ಗುಲಿಗೆ ಬಿದ್ದ ಹನಿ ಒಂದು ಕಡಲಿಗೆ, ಇನ್ನೊಂದು ಮಗ್ಗುಲಿನದು ಇನ್ನೊಂದು ಕಡಲಿಗೆ. ಈ ಗೆರೆ ದ್ವೀಪದ ನಡುವೆಯೇ ಇರಬೇಕಾಗಿಲ್ಲ. ಕಾವೇರಿಯು ಹುಟ್ಟುವುದು ಅರಬ್ಬೀ ಸಮುದ್ರಕ್ಕೆ ಸಮೀಪದಲ್ಲಿ. ಸೇರುವುದು ಸುಮಾರು 800 ಕಿಲೋಮೀಟರು ಹರಿದು ಬಂಗಾಳ ಕೊಲ್ಲಿಯನ್ನು. ಅದೇ ಸಹ್ಯಾದ್ರಿಯ ಸಾಲಿನಲ್ಲಿ ಹುಟ್ಟಿದ ಶರಾವತಿ ಪಶ್ಚಿಮಕ್ಕೆ ತಿರುಗಿ ಜೋಗದಲ್ಲಿ ಧುಮುಕುತ್ತದೆ. ಕೇದಗೆ ದ್ವೀಪಕ್ಕೂ ಇದೇ ಕ್ರಮವನ್ನು ತೆಗೆದುಕೊಂಡು, ಬೆಟ್ಟಸಾಲನ್ನು ಪಶ್ಚಿಮ ದಂಡೆಗೆ ಹತ್ತಿರವಾಗಿಟ್ಟೆವು.

ನದಿಗಳು ಹರಿಯುತ್ತ ಒಂದನ್ನೊಂದು ಕೂಡಿಕೊಳ್ಳುತ್ತವೆ, ಸಾಮಾನ್ಯವಾಗಿ ಕವಲೊಡೆಯುವುದಿಲ್ಲ. ಕಲ್ಪಿತ ಭೂಪಟಗಳಲ್ಲಿ ಅತ್ಯಂತ ಸಾಮಾನ್ಯವಾದ ದೋಷ ಇದೇ: ಬೆಟ್ಟದಿಂದ ಇಳಿದ ನದಿಯೊಂದು ಬಯಲಿನಲ್ಲಿ ಎರಡಾಗಿ ಎರಡು ಕಡಲುಗಳನ್ನು ಸೇರುತ್ತದೆ. ನೀರು ಇಳಿಜಾರು ಹೆಚ್ಚಾದ ಕಡೆಯನ್ನೇ ಹಿಡಿಯುತ್ತದೆ. ಆ ಪಾತ್ರ ಆಳವಾಗುತ್ತದೆ. ಇನ್ನೊಂದು ಕವಲು ಬತ್ತಿಹೋಗುತ್ತದೆ. ಹಾಗೆಂದು ಅಪವಾದಗಳಿಲ್ಲವೆಂದಲ್ಲ. ಶಿವನಸಮುದ್ರದಲ್ಲಿ ಕಾವೇರಿ ಎರಡಾಗಿ ಮತ್ತೆ ಒಂದಾಗುತ್ತದೆ. ಸಮುದ್ರದ ಬಳಿ ಮುಖಜಭೂಮಿಯಲ್ಲಿ ನದಿಗಳು ಕವಲೊಡೆಯುವುದು ಎಲ್ಲರೂ ಬಲ್ಲ ಸಂಗತಿ. ದಕ್ಷಿಣ ಅಮೆರಿಕದಲ್ಲಿ ಒರಿನೋಕೊ ನದಿಯ ಒಂದು ಪಾಲು ಕಸಿಕಿಯಾರೆ ಎಂಬ ಕಾಲುವೆಯಂಥ ಹೊಳೆಯ ಮೂಲಕ ರಿಯೊ ನೀಗ್ರೊ ನದಿಯನ್ನು ಸೇರಿ ಅಮೆಜಾನಿಗೆ ಹೋಗುತ್ತದೆ. 1800ರಲ್ಲಿ ಹಂಬೋಲ್ಟನು ಅದರ ಮೇಲೆ ಪಯಣಿಸಿ ಇದನ್ನು ದೃಢಪಡಿಸಿದನು. ಆದರೆ ಒಬ್ಬ ಮಹಾಪ್ರವಾಸಿ ಹೋಗಿ ಕಣ್ಣಾರೆ ನೋಡಿ ಸಾಕ್ಷಿ ಹೇಳಬೇಕಾದಷ್ಟು ಅದು ಅಪರೂಪವೆಂಬುದನ್ನು ಮರೆಯಲಾಗದು. ಸರೋವರಕ್ಕೂ ಹೀಗೆಯೇ, ಒಳಬರುವ ಹೊಳೆಗಳು ಎಷ್ಟಾದರೂ ಇರಲಿ, ಹೊರಹೋಗುವ ಬಾಯಿ ಒಂದೇ ಇರತಕ್ಕದ್ದು.

ಇನ್ನು ಗಾಳಿ. ಅದಕ್ಕೆ ಮೊದಲು ನಮ್ಮ ನಾಡು ಭೂಗೋಲದ ಯಾವ ಅಕ್ಷಾಂಶದಲ್ಲಿದೆ ಎಂಬುದನ್ನು ತಿಳಿದಿರಬೇಕು. ಪಾಲೀನ್ ಬೇನ್ಸ್ ಎಂಬ ಕಲಾವಿದೆ ಟೋಲ್ಕೀನರ ನಾಡಿನ ದೊಡ್ಡ ಭಿತ್ತಿಪಟವೊಂದನ್ನು ಬರೆದಳು. ಅದು 1970ರಲ್ಲಿ ಪ್ರಕಟವಾಯಿತು. ಅದಕ್ಕಾಗಿ ಅವಳು ಉಪಯೋಗಿಸಿದ ಹಳೆಯ ಪಟದ ಹಾಳೆ 2015ರಲ್ಲಿ ಬೆಳಕಿಗೆ ಬಂದಿತು. ಈಗ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಅದರ ಮೇಲೆ ಟೋಲ್ಕೀನರ ಟಿಪ್ಪಣಿಗಳಿವೆ: ಹಾಬಿಟನ್ ಎಂಬ ಹಳ್ಳಿ ಆಕ್ಸ್‌ಫರ್ಡಿನ ಅಕ್ಷಾಂಶದಲ್ಲಿದೆ, ಮಿನಾಸ್ ತಿರಿತ್ ಎಂಬ ಕೋಟೆ ಇಟಲಿಯ ರವೆನ್ನಾ ಪಟ್ಟಣದ ಅಕ್ಷಾಂಶದಲ್ಲಿದೆ. ಇಷ್ಟು ಹೇಳಿದರೆ ಸಾಕು, ಚಿತ್ರಕಾರಳಿಗೆ ಯಾವ ಮರ, ಯಾವ ಬಿಸಿಲು ಎಂಬುದು ಗೊತ್ತಾಗುತ್ತದೆ. ಹಾಗೆಂದು ಟೋಲ್ಕೀನರ ಪಟ ಎಲ್ಲ ವಿಧದಲ್ಲಿಯೂ ಭೂವಿಜ್ಞಾನಕ್ಕೆ ಒಪ್ಪುವುದೆಂದು ಹೇಳಲಾರೆವು. ಅವರ ಮೊರ್ದೋರ್ ಸೀಮೆಯ ಬೆಟ್ಟಗಳು ಪೆಟ್ಟಿಗೆಯ ಮೂಲೆಗಳಂತೆ ಲಂಬವಾಗಿ ಕೂಡುತ್ತವೆ; ಕಥೆಗೆ ಅಂಥ ಕೋಟೆಗೋಡೆ ಬೇಕಾಗಿತ್ತು.

ಕೇದಗೆ ದ್ವೀಪವನ್ನು ನಾವು ಉತ್ತರ ಅಕ್ಷಾಂಶ 14 ಡಿಗ್ರಿಯಲ್ಲಿಟ್ಟು, ನೈಋತ್ಯದಿಂದ ಮಳೆಗಾಳಿ ಬೀಸುವುದೆಂದು ಸಂಕಲ್ಪಿಸಿದೆವು. ಹಸಿಗಾಳಿ ಬೆಟ್ಟವನ್ನೇರುವಾಗ ಹಿಗ್ಗಿ, ತಣ್ಣಗಾಗಿ, ತನ್ನ ನೀರನ್ನು ಪಶ್ಚಿಮದ ಮಗ್ಗುಲಿನಲ್ಲಿಯೇ ಸುರಿಸುತ್ತದೆ. ಆಚೆಗೆ ಇಳಿಯುವಾಗ ಕುಗ್ಗಿ, ಬಿಸಿಯಾಗಿ, ಒಣಗಿರುತ್ತದೆ. ಆಗುಂಬೆಗೆ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿಂದ 200 ಕಿಲೋಮೀಟರಿನೊಳಗೇ ಇರುವ ಚಿತ್ರದುರ್ಗಕ್ಕೆ ಅದರ ಹತ್ತನೆಯ ಒಂದು ಪಾಲಿನಷ್ಟೂ ಇಲ್ಲ. ಆದುದರಿಂದ ನಮ್ಮ ದ್ವೀಪದ ಪಶ್ಚಿಮಕ್ಕೆ ದಟ್ಟವಾದ ಕಾಡು, ಪೂರ್ವಕ್ಕೆ ಕುರುಚಲು ಬಯಲು. ಇಷ್ಟಾದ ಮೇಲೆ ಊರುಗಳು ತಾವೇ ತಮ್ಮ ಸ್ಥಳವನ್ನು ಹುಡುಕಿಕೊಂಡುವು: ಒಂದು ಹೊಳೆಯ ಬಾಯಲ್ಲಿ, ಒಂದು ಹೊಳೆ ದಾಟುವ ತಾವಿನಲ್ಲಿ, ಒಂದು ಘಾಟಿಯ ಬುಡದಲ್ಲಿ.

ಇಷ್ಟೂ ಸೀಸದ ಕಡ್ಡಿಯ ಕೆಲಸ. ರಬ್ಬರು ಕೈಯಲ್ಲಿರುವವರೆಗೆ ಯಾವ ಬೆಟ್ಟವೂ ಸ್ಥಿರವಲ್ಲ. ಶಾಯಿ ತಾಕಿದೊಡನೆ ಸ್ಥಿತಿ ಬೇರೆ. ನಕ್ಷೆಗಾರರು ಬಳಸುವ ‘ಇಂಡಿಯನ್ ಇಂಕ್’ ಎಂಬುದು ಬಣ್ಣದ ದ್ರಾವಣವಲ್ಲ. ನೀರಿನಲ್ಲಿ ತೇಲುವ ಅತಿಸೂಕ್ಷ್ಮವಾದ ಕಾಡಿಗೆಯ ಕಣಗಳು. ಅವು ಒಟ್ಟುಗೂಡಿ ತಳಕ್ಕಿಳಿಯದಂತೆಯೂ ಕಾಗದಕ್ಕೆ ಕಚ್ಚಿಕೊಳ್ಳುವಂತೆಯೂ ಅಂಟನ್ನೋ ಅರಗನ್ನೋ ಬೆರೆಸಿರುತ್ತಾರೆ. ಇಂಗಾಲವು ಬಿಸಿಲಿಗೆ ಮಾಸುವುದಿಲ್ಲ. ನಮ್ಮ ಹಿರಿಯರು ಓಲೆಗರಿಯ ಮೇಲೆ ಕಂಠದಿಂದ ಕೊರೆದ ಅಕ್ಷರಗಳಿಗೆ ಉಜ್ಜುತ್ತಿದ್ದುದೂ ಇದೇ ಕಾಡಿಗೆಯನ್ನೇ. ಆ ಅಕ್ಷರಗಳು ಇಂದಿಗೂ ಕಪ್ಪಾಗಿವೆ. ಅರಗು ಬೆರೆತ ಶಾಯಿಯನ್ನು ಫೌಂಟನ್ ಪೆನ್ನಿಗೆ ತುಂಬಬಾರದು. ಒಳಗೇ ಒಣಗಿ ಕಟ್ಟಿಕೊಂಡರೆ ಪೆನ್ನು ಕೆಟ್ಟಂತೆಯೇ. ಅದ್ದಿ ಬರೆಯುವ ಉಕ್ಕಿನ ನಿಬ್ಬೇ ಇದಕ್ಕೆ ತಕ್ಕದ್ದು.

ನಿಬ್ಬಿನ ಸೀಳಿನಲ್ಲಿ ಶಾಯಿ ಕೆಳಗಿಳಿಯುವುದು ಕೇವಲ ಭಾರದಿಂದಲ್ಲ, ಕೇಶಾಕರ್ಷಣದಿಂದ. ದೀಪದ ಬತ್ತಿಯಲ್ಲಿ ಎಣ್ಣೆ ಏರುವುದೂ ಇದೇ ನಿಯಮದಿಂದ. ಮೆಲ್ಲನೆ ಒತ್ತಿದರೆ ಸೀಳಿನ ಎರಡು ಎಸಳುಗಳು ಅಗಲುತ್ತವೆ, ಗೆರೆ ದಪ್ಪವಾಗುತ್ತದೆ. ಹೀಗೆ ಹೊಳೆಯನ್ನು ಹುಟ್ಟಿನಲ್ಲಿ ಕೂದಲೆಳೆಯಂತೆ ಆರಂಭಿಸಿ, ಉಪನದಿಗಳು ಕೂಡಿದಲ್ಲೆಲ್ಲ ಒತ್ತಡವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ, ಸಮುದ್ರದಲ್ಲಿ ದಪ್ಪವಾಗಿ ಮುಗಿಸಬಹುದು. ಆದರೆ ನಿಬ್ಬನ್ನು ಯಾವಾಗಲೂ ತಮ್ಮ ಕಡೆಗೆ ಎಳೆಯಬೇಕು. ಮುಂದಕ್ಕೆ ನೂಕಿದರೆ ಮೊನೆ ಕಾಗದದ ನಾರಿಗೆ ಸಿಕ್ಕಿ ಚಿಮ್ಮಿ ಹನಿಗಳನ್ನು ಎರಚುತ್ತದೆ. ಹೊಳೆ ತಿರುಗಿದರೆ ಕೈಯನ್ನು ತಿರುಗಿಸಬೇಡಿರಿ, ಕಾಗದವನ್ನೇ ತಿರುಗಿಸಿರಿ. ಹೊಸ ನಿಬ್ಬಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ. ಒರೆಸದೆ ಅದ್ದಿದರೆ ಶಾಯಿ ಕಚ್ಚುವುದಿಲ್ಲ.

ಬೆಟ್ಟವನ್ನು ಶಾಯಿಯಲ್ಲಿ ತೋರಿಸುವುದಕ್ಕೆ ಹಲವು ದಾರಿಗಳುಂಟು. ಪಕ್ಕದಿಂದ ಕಂಡಂತೆ ಸಾಲು ಶಿಖರಗಳನ್ನು ಬರೆಯುವುದು ಪುರಾತನವಾದದ್ದು. ಸಮಾನ ಎತ್ತರದ ಸ್ಥಳಗಳನ್ನು ಗೆರೆಯಿಂದ ಕೂಡಿಸುವ ಕ್ರಮವನ್ನು ಚಾರ್ಲ್ಸ್ ಹಟನ್ ಎಂಬ ಗಣಿತಜ್ಞ ಸ್ಕಾಟ್ಲೆಂಡಿನ ಶಿಹಾಲಿಯನ್ ಬೆಟ್ಟದ ಗಾತ್ರವನ್ನು ಲೆಕ್ಕಹಾಕುವಾಗ ಬಳಸಿದನು. ಆ ಲೆಕ್ಕ 1778ರಲ್ಲಿ ಪ್ರಕಟವಾಯಿತು. ಇವೆರಡಕ್ಕಿಂತ ಬೇರೆಯಾದದ್ದು ಸ್ಯಾಕ್ಸನಿಯ ಸೈನ್ಯಾಧಿಕಾರಿ ಲೇಮಾನ್ 1799ರಲ್ಲಿ ಕ್ರಮಪಡಿಸಿದ ಗೀರುಗಳ ಪದ್ಧತಿ. ಇಳಿಜಾರಿನಲ್ಲಿ ನೀರು ಹರಿಯುವ ದಿಕ್ಕಿಗೇ ಸಣ್ಣ ಗೀರುಗಳನ್ನೆಳೆಯುವುದು. ಇಳಿಜಾರು ಕಡಿದಾದಷ್ಟೂ ಗೀರು ದಪ್ಪ. ಸಮತಲ ಪೂರ್ತಿ ಬಿಳಿ, 45 ಡಿಗ್ರಿಯ ಇಳಿಜಾರು ಪೂರ್ತಿ ಕಪ್ಪು. ನಮಗೆ ಇದು ಬಹಳ ಮೆಚ್ಚಿಕೆಯಾದ ಪದ್ಧತಿ. ಒಂದೊಂದು ಗೀರನ್ನು ಎಳೆಯುವಾಗಲೂ ‘ಇಲ್ಲಿ ನೀರು ಎತ್ತ ಹೋದೀತು?’ ಎಂದು ಯೋಚಿಸಲೇಬೇಕಾಗುತ್ತದೆ. ಆದರೆ ಇದಕ್ಕೆ ತಾಳ್ಮೆ ಬೇಕು. ಮೊದಲ ಸಲ ಬರೆಯುವವರು ಶಿಖರಗಳ ಸಾಲನ್ನೇ ಬರೆದು ಬಲಮಗ್ಗುಲಿಗೆ ಮಾತ್ರ ಗೀರು ಹಾಕಲಿ. ಬೆಳಕು ಎಡಮೇಲ್ಗಡೆಯಿಂದ ಬರುವುದೆಂದು ನಕ್ಷೆಗಾರರ ರೂಢಿ. ಛಾಯೆಯಿಂದ ಉಬ್ಬನ್ನು ತೋರಿಸುವ ಪಟಗಳಲ್ಲಿ ಬೆಳಕನ್ನು ಕೆಳಗಿನಿಂದ ಬಿಟ್ಟರೆ ನಮ್ಮ ಕಣ್ಣು ಮೋಸಹೋಗಿ ಬೆಟ್ಟಗಳು ಕುಳಿಗಳಾಗಿ ಕಾಣುತ್ತವೆ.

ಶಾಯಿ ಹಾಕುವಾಗ ಮೊದಲು ಬರೆಯತಕ್ಕದ್ದು ಹೆಸರುಗಳನ್ನು ಎಂದರೆ ಆಶ್ಚರ್ಯವಾದೀತು. ಗೆರೆಯನ್ನು ಹೆಸರಿನ ಬಳಿ ನಿಲ್ಲಿಸಿ ಮುಂದುವರಿಸಬಹುದು. ಗೆರೆಯ ಮೇಲೆ ಬರೆದ ಹೆಸರನ್ನು ಓದುವುದಕ್ಕಾಗದು. ಇಲ್ಲಿ ಕನ್ನಡದಲ್ಲಿ ಪಟ ಬರೆಯುವವರಿಗೆ ವಿಶೇಷವಾದ ತೊಡಕೊಂದಿದೆ. ನಮ್ಮಲ್ಲಿ ದೊಡ್ಡಕ್ಷರ, ಚಿಕ್ಕಕ್ಷರವೆಂಬ ಭೇದವಿಲ್ಲ. ರಾಜಧಾನಿಗೂ ಹಳ್ಳಿಗೂ ವ್ಯತ್ಯಾಸವನ್ನು ಅಕ್ಷರದ ಗಾತ್ರದಿಂದಲೂ ದಪ್ಪದಿಂದಲೂ ತೋರಿಸಬೇಕು. ನೀರಿನ ಹೆಸರುಗಳನ್ನು ಓರೆಯಾಗಿ, ನೆಲದ ಹೆಸರುಗಳನ್ನು ನೆಟ್ಟಗೆ ಬರೆಯುವುದು ಒಂದು ಉಪಾಯ. ಮೇಲಾಗಿ, ನಮ್ಮ ಅಕ್ಷರಗಳಿಗೆ ಮೇಲೆ ಗುಡಿಸು, ಕೆಳಗೆ ಒತ್ತು. ‘ಉಪ್ಪುಗೇರಿ’ ಎಂಬ ರೇವಿನ ಹೆಸರನ್ನು ಕರಾವಳಿಯ ಗೆರೆಗೆ ತಾಕುವಂತೆ ಬರೆದಾಗ ಅದರ ಒತ್ತಕ್ಷರ ಸಮುದ್ರಕ್ಕೆ ಇಳಿದುಹೋಯಿತು. ಆದುದರಿಂದ ಹೆಸರಿನ ಕೆಳಗೆ ಅಕ್ಷರದ ಅರ್ಧದಷ್ಟು ತೆರವನ್ನು ಬಿಡುವುದು ಲೇಸು. ಹೆಸರುಗಳಾದ ಮೇಲೆ ಕರಾವಳಿ, ಬಳಿಕ ಹೊಳೆಗಳು, ಕಡೆಗೆ ಬೆಟ್ಟ. ಬೆಟ್ಟಗಳಲ್ಲಿಯೂ ಪಟದ ಕೆಳಭಾಗದಲ್ಲಿ, ಎಂದರೆ ಮುಂದೆ ನಿಂತವುಗಳನ್ನು ಮೊದಲು ಬರೆದರೆ ಹಿಂದಿನವು ಅವುಗಳ ಮರೆಗೆ ತಾವೇ ಸರಿಯುತ್ತವೆ.

ಮೂರು ರಾತ್ರಿ ಕುಳಿತು ಕೇದಗೆ ದ್ವೀಪಕ್ಕೆ ಶಾಯಿ ಹಾಕಿ ಮುಗಿಸಿದೆವು. ಮಾರನೆಯ ದಿನ ಪಿ.ಯು. ತರಗತಿಯಲ್ಲಿ ಓದುತ್ತಿದ್ದ ನಮ್ಮ ತಂಗಿಯ ಮಗಳು ಬಂದು, ಬಹಳ ಹೊತ್ತು ನೋಡಿ, ಕೆಂಪುಹೊಳೆಯ ಮೇಲೆ ಬೆರಳಿಟ್ಟಳು. “ಮಾವ, ಈ ಹೊಳೆ ಬೆಟ್ಟ ಹತ್ತುತ್ತಿದೆಯಲ್ಲ!” ಎಂದಳು. ನೋಡಿದರೆ ನಿಜ. ಕೋಟೆಯೊಂದು ಕಡಲಿಗೆ ಸಮೀಪವಿರಲೆಂದು ಸೀಸದ ಕಡ್ಡಿಯ ಹಂತದಲ್ಲಿ ಬೆಟ್ಟಸಾಲನ್ನು ಎರಡು ಸೆಂಟಿಮೀಟರು ಪಶ್ಚಿಮಕ್ಕೆ ಸರಿಸಿದ್ದೆವು. ಹೊಳೆಯನ್ನು ಸರಿಸಲು ಮರೆತಿದ್ದೆವು. ಈಗ ಅದು ಪೂರ್ವದ ಒಣಬಯಲಿನಲ್ಲಿ ಹುಟ್ಟಿ, ಸಾಲನ್ನು ಅಡ್ಡಹಾಯ್ದು, ಉಪ್ಪುಗೇರಿಯಲ್ಲಿ ಸಮುದ್ರವನ್ನು ಸೇರುತ್ತಿತ್ತು.

ಸಣ್ಣ ತಪ್ಪಾಗಿದ್ದರೆ ಬ್ಲೇಡಿನ ಮೊನೆಯಿಂದ ಶಾಯಿಯನ್ನು ಹೆರೆದು, ಉಗುರಿನಿಂದ ಕಾಗದವನ್ನು ತೀಡಿ ನುಣುಪುಮಾಡಿ ಮತ್ತೆ ಬರೆಯಬಹುದು. ಒಂಬತ್ತು ಸೆಂಟಿಮೀಟರು ಹೊಳೆಯನ್ನು ಹೆರೆದರೆ ಕಾಗದವೇ ಉಳಿಯದು. ಮೂರು ರಾತ್ರಿಯ ದುಡಿಮೆಯನ್ನು ಹರಿದು ಹಾಕುವುದೆಂದು ನಿಶ್ಚಯಿಸುತ್ತಿದ್ದಾಗ ಹುಡುಗಿಯೇ ಕೇಳಿದಳು: “ಹೊಳೆ ಮೊದಲೇ ಇದ್ದು, ಬೆಟ್ಟ ಆಮೇಲೆ ಎದ್ದಿದ್ದರೆ?”

ಪ್ರಶ್ನೆ ಉಡಾಫೆಯದಲ್ಲ. ಸಿಂಧೂ, ಸಟ್ಲೆಜ್, ಬ್ರಹ್ಮಪುತ್ರಾ ಈ ಮೂರೂ ಹಿಮಾಲಯದ ಆಚೆಗೆ ಹುಟ್ಟಿ, ಆ ಮಹಾಶ್ರೇಣಿಯನ್ನು ಕೊರೆದುಕೊಂಡು ಈಚೆಗೆ ಬರುತ್ತವೆ. ನೆಲ ಮೆಲ್ಲಮೆಲ್ಲನೆ ಮೇಲೇಳುತ್ತಿದ್ದಂತೆ ನದಿ ತನ್ನ ಪಾತ್ರವನ್ನು ಬಿಡದೆ ಗರಗಸದಂತೆ ಕೊರೆಯುತ್ತಲೇ ಬಂದಿತೆಂದು ಭೂವಿಜ್ಞಾನಿಗಳು ವಿವರಿಸುತ್ತಾರೆ. ಕೆಂಪುಹೊಳೆಯೂ ಹೀಗೆಯೇ ಬೆಟ್ಟಕ್ಕಿಂತ ಹಿರಿಯಳಾಗಬಹುದು. ಹಾಗಾದರೆ ಅದು ಬೆಟ್ಟವನ್ನು ದಾಟುವಲ್ಲಿ ಆಳವಾದ ಕಂದರವಿರಬೇಕು. ಎರಡು ಸೆಂಟಿಮೀಟರಿನಷ್ಟು ಶಿಖರಗಳನ್ನು ಮಾತ್ರ ಹೆರೆದು, ಹೊಳೆಯ ಎರಡು ಕಡೆಗೂ ಕಡಿದಾದ ದಡಗಳ ದಪ್ಪ ಗೀರುಗಳನ್ನು ಹಾಕಿದೆವು.

ಅಷ್ಟಕ್ಕೇ ಮುಗಿಯಲಿಲ್ಲ. ಬೆಟ್ಟ ಏಳುವ ವೇಗ ಕೆಲಕಾಲ ಹೊಳೆ ಕೊರೆಯುವ ವೇಗವನ್ನು ಮೀರಿದ್ದರೆ ನೀರು ಹಿಂದೆ ನಿಂತು ಸರೋವರವಾಗಿರಬೇಕಲ್ಲವೆ? ಕಾಶ್ಮೀರದ ಕಣಿವೆಯಲ್ಲಿ ನಡೆದುದು ಇದೇ. ಪೀರ್ ಪಂಜಾಲ್ ಶ್ರೇಣಿ ಎದ್ದಾಗ ಅಲ್ಲಿ ವಿಶಾಲವಾದ ಸರೋವರವೊಂದು ನಿಂತಿತ್ತು. ಝೇಲಂ ನದಿ ಬಾರಾಮುಲ್ಲಾದ ಬಳಿ ದಾರಿ ಕೊರೆದ ಮೇಲೆ ನೀರು ಇಳಿದು, ತಳದ ಮಣ್ಣು ‘ಕರೇವಾ’ ಎಂಬ ದಿಣ್ಣೆಗಳಾಗಿ ಉಳಿಯಿತು. ಪಾಂಪೋರಿನ ಕೇಸರಿ ಬೆಳೆಯುವುದು ಆ ಮಣ್ಣಿನಲ್ಲಿಯೇ. ನಮ್ಮ ಒಣಬಯಲಿಗೂ ಈಗ ಕಂದರದ ಬಾಯಲ್ಲಿ ಮೆತ್ತನೆಯ ಮೆಕ್ಕಲುಮಣ್ಣಿನ ಒಂದು ತುಂಡು ನೆಲ ದೊರೆಯಿತು. ಅಲ್ಲಿ ಇನ್ನೊಂದು ಊರು ಇರಲೇಬೇಕೆಂದು ಹುಡುಗಿಯ ಹಟ. ಕಂದರಕ್ಕೆ ಸೀಳುಬಾಗಿಲು ಎಂದು ಹೆಸರಿಟ್ಟು, ನಿಬ್ಬನ್ನು ನಮ್ಮ ಕೈಯಿಂದ ಇಸಿದುಕೊಂಡು, ಅವಳೇ ಅದನ್ನು ಓರೆಯಾಗಿ ಬರೆದಳು. ನೆಲದ ಹೆಸರನ್ನು ನೆಟ್ಟಗೆ ಬರೆಯಬೇಕೆಂದು ಹೇಳುವಷ್ಟರಲ್ಲಿ ಶಾಯಿ ಒಣಗಿತ್ತು.